ಜಾಗ ಎಲ್ಲಿ ಹೋಯಿತು?

ಜಾಗದ ಲೆಕ್ಕವನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಜೋಳ ಹಗೇವಿಗೆ, ಕಾಳುಕಡಿ ಗಡಿಗೆಗೆ. ಸಂದೂಕ ತುಂಬಿತೆಂದರೆ ಹಳೆಯ ಸೀರೆ ಕೌದಿಯಾಗುತ್ತದೆ. ಕಂಪ್ಯೂಟರಿನ ಚರಿತ್ರೆ ಓದಿದಾಗ ಅಲ್ಲಿಯೂ ನನಗೆ ಕಂಡದ್ದು ಇದೇ ಸಂಸಾರ.

1956ರಲ್ಲಿ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಅಮೆರಿಕದ ಐಬಿಎಂ ಕಂಪನಿ ರಾಮ್ಯಾಕ್ ಎಂಬ ಯಂತ್ರವನ್ನು ಹೊರತಂದಿತು. ಅದರಲ್ಲಿ 50 ತಟ್ಟೆಗಳು, ಒಂದೊಂದೂ 24 ಇಂಚು ಅಗಲ. ತೂಕ ಒಂದು ಟನ್ನಿಗೂ ಮಿಕ್ಕಿ, ಬಾಡಿಗೆ ತಿಂಗಳಿಗೆ 3,200 ಡಾಲರ್. ಇಷ್ಟು ದೊಡ್ಡ ಹೊಟ್ಟೆಯಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ ಮಾತ್ರ. ಈಗ ಮೊಬೈಲಿನಲ್ಲಿ ತೆಗೆದ ಎರಡು ಫೋಟೊ ಇಟ್ಟರೆ ಅದು ಭರ್ತಿ!

ಜಾಗ ತುಟ್ಟಿಯಾದಾಗ ಜನ ಜಿಪುಣರಾಗುತ್ತಾರೆ. ಆಗಿನ ತೂತಿನ ಕಾರ್ಡಿನಲ್ಲಿ 80 ಮನೆಗಳಷ್ಟೇ ಇರುತ್ತಿದ್ದವು. 1965 ಎಂದು ಬರೆಯಲು ನಾಲ್ಕು ಮನೆ ಏಕೆ ಎಂದು ಬರೀ 65 ಬರೆದರು. ಶತಮಾನ ಮುಗಿಯುತ್ತ ಬಂದಾಗ 00 ಎಂದರೆ 1900 ಎಂದು ಯಂತ್ರ ತಿಳಿದೀತೆಂದು ಜಗತ್ತೆಲ್ಲ ಗಾಬರಿಯಾಯಿತು. ಅದನ್ನು ತಿದ್ದುವ ಕೆಲಸ ಬೆಂಗಳೂರಿನ ಹುಡುಗರಿಗೂ ಕೈತುಂಬ ಸಿಕ್ಕಿತೆನ್ನಿ. ಉಳಿಸಿದ್ದು ಎರಡೇ ಅಂಕಿ.

ಕನ್ನಡದ್ದು ಬೇರೆಯೇ ಕಥೆ. ಮೊದಮೊದಲು ನಮ್ಮ ಲಿಪಿಗೆ ಕಂಪ್ಯೂಟರಿನಲ್ಲಿ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದಂತೆ, ಅವುಗಳ ಜಾಗದಲ್ಲಿ ನಮ್ಮ ಅಕ್ಷರದ ತುಣುಕುಗಳನ್ನು ಕೂರಿಸಿದ್ದರು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ನಾವೆಲ್ಲ ಟೈಪು ಮಾಡಿದ್ದು ಹಾಗೆಯೇ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡ ಹೋಗಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯುನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತ್ತು. ಅದು ನಮ್ಮ ಊರುಕೇರಿಗೆ ಬಂದು ಮುಟ್ಟಲು ವರ್ಷಗಳೇ ಹಿಡಿದವು. ಈಗಿನ ರೂಢಿಯಂತೆ ಬರೆದಿಟ್ಟರೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ ‘ಕ’ಗೆ ಮೂರು ಬೇಕು, ‘ಕ್ಷಿ’ಗೆ ಹನ್ನೆರಡು. ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಪಾಲು ನೋಡಿ!

ಹಾರೂಗೇರಿಯ ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಹೋದ ವರ್ಷ ಸಿ ಡ್ರೈವಿನ ಗೆರೆ ಕೆಂಪಾಯಿತು. ಮಕ್ಕಳ ಅಂಕ ತುಂಬಿ ಉಳಿಸಲು ಹೋದರೆ ಜಾಗವಿಲ್ಲ ಎನ್ನುತ್ತಿತ್ತು. ಹೊಸದಾಗಿ ಬಂದ ಸಹೋದ್ಯೋಗಿ, ಕಂಪ್ಯೂಟರಿನಲ್ಲಿ ಚುರುಕಾದ ಹುಡುಗಿ, ಅಳಿಸಲು ಕುಳಿತಳು. ಒಂದು ಹಳೆಯ ಫೋಲ್ಡರ್ ತೆರೆದು, “ಅಕ್ಕೋರ, ಇದೆಲ್ಲಾ ಬರೇ ಕಸಾ ಐತ್ರಿ, ತಗದ ಒಗೀಲೇನ್ರಿ?” ಎಂದಳು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲು. ನನಗೆ ಗುರುತು ಸಿಕ್ಕಿತು. “ಬ್ಯಾಡವ್ವಾ, ತಡಿ. ಅವು ನುಡಿಯೊಳಗ ಬರದದ್ದು” ಎಂದೆ.

ಅವು ಬೀಸುವ ಪದಗಳು. 2004ರ ಬೇಸಿಗೆ ರಜೆಯಲ್ಲಿ ನಮ್ಮ ಹುಡುಗಿಯರು ತಮ್ಮ ತಮ್ಮ ಅಜ್ಜಿಯರ ಹತ್ತಿರ ಕೂತು ಬರೆದುಕೊಂಡು ಬಂದಿದ್ದರು. ನೋಟುಬುಕ್ಕುಗಳು ಗೆದ್ದಲಿಗೆ ಹೋದವು. ಹಾಡಿದ ಅಜ್ಜಿಯರಲ್ಲಿ ಈಗ ಒಬ್ಬರೇ ಉಳಿದಿದ್ದಾರೆ, ಅವರಿಗೂ ನೆನಪು ಸಾಲದು.

ಹಾಗಾದರೆ ಜಾಗ ತಿಂದದ್ದು ಯಾವುದು? ಫೋಲ್ಡರುಗಳನ್ನು ಗಾತ್ರದ ಪ್ರಕಾರ ಇಳಿಕೆ ಕ್ರಮದಲ್ಲಿ ನಿಲ್ಲಿಸಿ ನೋಡಿದೆವು. ಸ್ನೇಹಸಮ್ಮೇಳನದ ವಿಡಿಯೊಗಳು, ಒಂದೊಂದೂ ಮೂರು ಮೂರು ಪ್ರತಿ. ಡೌನ್‌ಲೋಡ್ ಫೋಲ್ಡರಿನಲ್ಲಿ ಒಂದೇ ಸುತ್ತೋಲೆ ಹನ್ನೊಂದು ಸಲ. ಅಳಿಸಿದ್ದೆಲ್ಲ ರಿಸೈಕಲ್ ಬಿನ್ನಿನಲ್ಲಿ ಹಾಗೆಯೇ ಬಿದ್ದಿತ್ತು; ಕಸವನ್ನು ಮೂಲೆಗೆ ಗುಡಿಸಿದರೆ ಮನೆ ಸ್ವಚ್ಛವಾದೀತೇ? ಆ ಬುಟ್ಟಿಯನ್ನು ಬರಿದು ಮಾಡಿದರೆ ಮಾತ್ರ ಜಾಗ ಬರುತ್ತದೆ. ವಿಡಿಯೊಗಳ ಒಂದೊಂದು ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ಅಲ್ಲಿ ತೆರೆದು ನೋಡಿ, ಆಮೇಲೆ ಇಲ್ಲಿಯವನ್ನು ಅಳಿಸಿದೆವು. ವಿಂಡೋಸಿನ ತಾತ್ಕಾಲಿಕ ಕಡತಗಳನ್ನು ತೆಗೆಯಲು ಅದರದೇ ಡಿಸ್ಕ್ ಕ್ಲೀನಪ್ ಇದೆ. ಹೆಸರು ಗೊತ್ತಿಲ್ಲದ ಸಿಸ್ಟಂ ಕಡತಗಳಿಗೆ ಮಾತ್ರ ನಾವು ಕೈ ಹಚ್ಚಲಿಲ್ಲ. ಸಂಜೆಯ ಹೊತ್ತಿಗೆ ಅರ್ಧ ಡ್ರೈವು ಖಾಲಿ.

ನಲವತ್ಮೂರು ಪದಗಳು ಎಲ್ಲ ಸೇರಿ ಒಂದು ಫೋಟೊದಷ್ಟೂ ತೂಗಲಿಲ್ಲ. ಪರಿವರ್ತಕ ತಂತ್ರಾಂಶದಿಂದ ಅವನ್ನು ಯುನಿಕೋಡಿಗೆ ತಂದೆವು. ಅಲ್ಲಲ್ಲಿ ಅರ್ಕಾವತ್ತು, ಒತ್ತಕ್ಷರ ಕೆಟ್ಟಿದ್ದವು; ತಿದ್ದಲು ಎಂಟು ದಿನ ಹಿಡಿಯಿತು. ಕಸ ಎಂದ ಹುಡುಗಿಯೇ ಓದುತ್ತ ಹೋದಳು, ನಾನು ತಿದ್ದುತ್ತ ಹೋದೆ. ಒಂದು ಪದದ ಕೊನೆಯ ಸಾಲು ಮೂಲದಲ್ಲಿಯೇ ಅರ್ಧಕ್ಕೆ ನಿಂತಿದೆ. ಉಳಿದಿರುವ ಆ ಅಜ್ಜಿಯನ್ನು ಕೇಳಲು ಬರುವ ಭಾನುವಾರ ಇಬ್ಬರೂ ಹೋಗುವವರಿದ್ದೇವೆ.