ವಿಕ್ರಯಕ್ಕಾಗಿ ಗೃಹಸಜ್ಜೆ

ಮಾರಾಟಕ್ಕಿಟ್ಟ ಮನೆಯನ್ನು, ನೋಡಬಂದವರು ಅದನ್ನು ತಮ್ಮ ಭಾವೀ ನಿವಾಸವೆಂದು ಅನಾಯಾಸವಾಗಿ ಕಲ್ಪಿಸಿಕೊಳ್ಳುವಂತೆ, ಶುಚಿಗೊಳಿಸಿ, ದುರಸ್ತಿಮಾಡಿ, ಪೀಠೋಪಕರಣಗಳನ್ನು ಮರುಜೋಡಿಸಿ ಅಣಿಗೊಳಿಸುವ ವೃತ್ತಿ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹೋಮ್ ಸ್ಟೇಜಿಂಗ್ ಎಂಬ ಹೆಸರಿನಿಂದ ರೂಢವಾದ ಈ ಕಲೆಯು ಗೃಹಾಲಂಕಾರಕ್ಕೆ ಅತಿ ಸಮೀಪದ್ದಾಗಿ ತೋರಿದರೂ ಉದ್ದೇಶದಲ್ಲಿ ಅದಕ್ಕೆ ವಿಮುಖವಾದುದು; ಅಲಂಕಾರವು ವಾಸಿಸುವವರ ಅಭಿರುಚಿಯನ್ನು ಪ್ರಕಟಪಡಿಸಿದರೆ, ವಿಕ್ರಯದ ಸಜ್ಜೆಯು ಆ ಅಭಿರುಚಿಯ ಕುರುಹುಗಳನ್ನು ಒಂದೊಂದಾಗಿ ಅಳಿಸಿ, ಇನ್ನೂ ಯಾರೆಂದು ತಿಳಿಯದವರಿಗೆ ಎಡೆಮಾಡಿಕೊಡುತ್ತದೆ.

ವಾಷಿಂಗ್ಟನ್ ಸಂಸ್ಥಾನದ ಸಿಯಾಟಲ್ ಸೀಮೆಯಲ್ಲಿ ಮನೆ ಮಾರಾಟದ ಪ್ರತಿನಿಧಿಯಾಗಿದ್ದ ಬಾರ್ಬ್ ಶ್ವಾರ್ಟ್ಸ್ ಎಂಬವರನ್ನು ಈ ವೃತ್ತಿಯ ಪ್ರವರ್ತಕಿಯೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಒಳಾಂಗಣ ವಿನ್ಯಾಸದಲ್ಲಿ ನುರಿತು, ರಂಗಭೂಮಿಯ ಪರಿಚಯವನ್ನೂ ಹೊಂದಿದ್ದ ಅವರು, ನಾಟಕಕ್ಕೆ ರಂಗವನ್ನು ಸಿದ್ಧಗೊಳಿಸುವ ಕ್ರಮವನ್ನೇ ಮನೆಗೂ ಅನ್ವಯಿಸಿ 1972ರ ಸುಮಾರಿನಲ್ಲಿ ಈ ಪದ್ಧತಿಯನ್ನು ಪ್ರಾರಂಭಿಸಿದರು; ತರುವಾಯ ತರಬೇತಿ ತರಗತಿಗಳ ಮೂಲಕ ಇದು ಸ್ವತಂತ್ರ ಉದ್ಯೋಗವಾಗಿ ಬೆಳೆಯಿತು. ಬ್ರಿಟನ್ನಿನಲ್ಲಿ ಚಾನೆಲ್ 5 ದೂರದರ್ಶನ ವಾಹಿನಿಯು 1998ರಲ್ಲಿ ಆರಂಭಿಸಿದ ‘ಹೌಸ್ ಡಾಕ್ಟರ್’ ಎಂಬ ಕಾರ್ಯಕ್ರಮದಲ್ಲಿ ಅಮೆರಿಕದ ಆನ್ ಮಾರಿಸ್ ಮಾರಾಟವಾಗದೆ ಉಳಿದ ಮನೆಗಳನ್ನು ಸುಧಾರಿಸಿ ತೋರಿಸಿ, ಜನಸಾಮಾನ್ಯರಿಗೆ ಈ ವಿದ್ಯೆಯ ಪರಿಚಯ ಮಾಡಿಕೊಟ್ಟರು.

ಸಜ್ಜೆಯಲ್ಲಿ ಪ್ರಥಮ ಕಾರ್ಯವು ತೆಗೆಯುವುದು. ಬಹುಕಾಲ ಸಂಸಾರ ನಡೆದ ಮನೆಯಲ್ಲಿ ವಸ್ತುಗಳು ತಮಗೆ ತಾವೇ ಹಬ್ಬಿಕೊಂಡು ಮೂಲೆಮೂಲೆಯನ್ನೂ ಆಕ್ರಮಿಸಿರುತ್ತವೆ. ಅವುಗಳಲ್ಲಿ ಬಹುಭಾಗವನ್ನು ಕಟ್ಟಿ ಬೇರೆಡೆಗೆ ಸಾಗಿಸಿ, ಗೋಡೆಯ ಮೇಲಿನ ಕುಟುಂಬದ ಭಾವಚಿತ್ರಗಳು, ಮಕ್ಕಳು ಗೆದ್ದು ತಂದ ಪದಕಗಳು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳು ಮೊದಲಾದುವನ್ನು ಇಳಿಸತಕ್ಕದ್ದು. ಬಂದವರ ದೃಷ್ಟಿ ಭಾವಚಿತ್ರದ ಮುಖಗಳಲ್ಲಿ ನೆಟ್ಟಿತೆಂದರೆ, ತಾವು ಪರರ ಮನೆಗೆ ಬಂದ ಅತಿಥಿಗಳೆಂಬ ಸಂಕೋಚವು ಅವರಲ್ಲಿ ತಲೆದೋರುವುದು. ಬಟ್ಟೆಯ ಬೀರುವನ್ನು ತೆರೆದು ನೋಡದೆ ಯಾವ ಗ್ರಾಹಕನೂ ಹಿಂದಿರುಗುವುದಿಲ್ಲ. ಅದು ಕಿಕ್ಕಿರಿದಿದ್ದರೆ ಈ ಮನೆಯಲ್ಲಿ ಸ್ಥಳ ಸಾಲದೆಂದೂ, ಅರ್ಧ ಬರಿದಾಗಿದ್ದರೆ ಸ್ಥಳ ಧಾರಾಳವಾಗಿದೆಯೆಂದೂ ಆತನು ಬಗೆಯುವನಾದ್ದರಿಂದ, ನುರಿತವರು ಬೀರುವಿನೊಳಗಣ ವಸ್ತುಗಳನ್ನು ಎಣಿಸಿದಂತೆ ಕಡಮೆಮಾಡುತ್ತಾರೆ. ತೊಟ್ಟಿಕ್ಕುವ ನಲ್ಲಿ, ಸಡಿಲವಾದ ಕೀಲು, ಉರಿಯದ ದೀಪ ಇವು ಬೆಲೆಯಲ್ಲಿ ಅಲ್ಪವೇ ಆದರೂ, ಕಾಣುವ ಅಲಕ್ಷ್ಯದಿಂದ ಕಾಣದ ಅಲಕ್ಷ್ಯವನ್ನು ಊಹಿಸುವುದು ಮನುಷ್ಯಸ್ವಭಾವವಾದಕಾರಣ, ಅವುಗಳ ದುರಸ್ತಿಯು ಹೊಸ ಪರದೆಗಳಿಗಿಂತ ಹೆಚ್ಚು ಫಲಕಾರಿ. ಸಾಕುಪ್ರಾಣಿಗಳ ಹಾಗೂ ಹೊಗೆಸೊಪ್ಪಿನ ವಾಸನೆಗೆ ವಾಸಿಸುವವರ ಮೂಗು ಒಗ್ಗಿಹೋಗಿರುವುದರಿಂದ, ಅದನ್ನು ಹೊರಗಿನವರೊಬ್ಬರು ಬಂದು ಹೇಳಬೇಕಾಗುತ್ತದೆ.

ಅನಂತರದ್ದು ಜೋಡಣೆ. ಗೋಡೆಗೆ ಒತ್ತರಿಸಿದ ಸೋಫಾವನ್ನು ಗೇಣುದ್ದ ಮುಂದಕ್ಕೆಳೆದು, ಆಸನಗಳನ್ನು ಪರಸ್ಪರ ಅಭಿಮುಖವಾಗಿರಿಸಿ, ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಡೆದುಹೋಗುವ ದಾರಿಯನ್ನು ತೆರವುಗೊಳಿಸಿ, ಕಿಟಕಿಯ ಗಾಜನ್ನು ತೊಳೆದು ಬೆಳಕನ್ನು ಒಳಕ್ಕೆ ಬಿಟ್ಟರೆ, ಅದೇ ಕೊಠಡಿಯು ಬೇರೆಯೇ ಆಗಿ ತೋರುವುದುಂಟು. ಗಾಢವಾದ ಬಣ್ಣಗಳಿಗೆ ಬದಲಾಗಿ ಯಾರನ್ನೂ ಕೆರಳಿಸದ ತಿಳಿವರ್ಣಗಳನ್ನು ಬಳಿಯುತ್ತಾರೆ. ಬರಿದಾದ ಮನೆಯ ಸಮಸ್ಯೆ ಬೇರೊಂದು ಬಗೆಯದು: ಕಣ್ಣಿಗೆ ಅಳತೆಗೋಲಾಗುವ ವಸ್ತುವೊಂದೂ ಇಲ್ಲದಿದ್ದಾಗ, ಇಲ್ಲಿ ಮಂಚ ಹಿಡಿಸೀತೆ, ಊಟದ ಮೇಜು ಎಲ್ಲಿ ಬಂದೀತು ಎಂಬ ಸಂದೇಹಗಳು ಗ್ರಾಹಕನನ್ನು ಬಾಧಿಸುತ್ತವೆ. ಆದ್ದರಿಂದ ಸಜ್ಜೆಯ ಉದ್ಯಮಿಗಳು ತಮ್ಮ ಉಗ್ರಾಣಗಳಿಂದ ಮಂಚ, ಕುರ್ಚಿ, ಜಮಖಾನೆ, ಚಿತ್ರಪಟಗಳನ್ನು ತಿಂಗಳ ಬಾಡಿಗೆಗೆ ಒದಗಿಸುತ್ತಾರೆ. ಇತ್ತೀಚೆಗೆ ಖಾಲಿ ಕೊಠಡಿಯ ಛಾಯಾಚಿತ್ರದಲ್ಲಿ ಕಂಪ್ಯೂಟರಿನ ನೆರವಿನಿಂದ ಪೀಠೋಪಕರಣಗಳನ್ನು ಚಿತ್ರಿಸುವ ಅಗ್ಗದ ವಿಧಾನವೂ ಪ್ರಚಾರಕ್ಕೆ ಬಂದಿದೆ. ಚಿತ್ರವನ್ನು ನೋಡಿ ಬಂದವನು ಬರಿಗೋಡೆಗಳೆದುರು ನಿಂತಾಗ ಆಗುವ ಆಶಾಭಂಗವೇ ಇದರ ದೊಡ್ಡ ನ್ಯೂನತೆ.

ಇಷ್ಟೆಲ್ಲ ಶ್ರಮದಿಂದ ಬೆಲೆಯು ನಿಜವಾಗಿಯೂ ಏರುವುದೆ ಎಂಬ ಪ್ರಶ್ನೆಗೆ ವೃತ್ತಿಪರರ ಉತ್ತರವೂ ಸಂಶೋಧಕರ ಉತ್ತರವೂ ಒಂದೇ ಆಗಿಲ್ಲ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಎಂಬ ಸಂಘವು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕೊಳ್ಳುವವರ ಪ್ರತಿನಿಧಿಗಳ ಪೈಕಿ ಶೇ. 81ರಷ್ಟು ಮಂದಿ, ಸಜ್ಜುಗೊಂಡ ಮನೆಯನ್ನು ತಮ್ಮದೆಂದು ಕಲ್ಪಿಸಿಕೊಳ್ಳುವುದು ಗ್ರಾಹಕರಿಗೆ ಸುಲಭವಾಗುತ್ತದೆಂದು ಅಭಿಪ್ರಾಯಪಟ್ಟರು. ಆದರೆ ಮೈಕೇಲ್ ಸೈಲರ್ ಮತ್ತು ಸಹಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 820 ಮಂದಿಗೆ ಒಂದೇ ಮನೆಯನ್ನು, ಗೋಡೆಯ ಬಣ್ಣ ಮತ್ತು ಪೀಠೋಪಕರಣಗಳನ್ನು ಮಾತ್ರ ಬದಲಿಸಿ, ಪರದೆಯ ಮೇಲೆ ತೋರಿಸಿದಾಗ, ಮನೆಯು ವಾಸಕ್ಕೆ ಎಷ್ಟು ಹಿತವೆಂಬ ಭಾವನೆ ಬದಲಾಯಿತೇ ಹೊರತು, ಅವರು ಕೊಡಲು ಒಪ್ಪಿದ ಬೆಲೆಯಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ. ಇವೆರಡನ್ನೂ ತೂಗಿ ನೋಡಿದರೆ, ಸಜ್ಜೆಯ ಪ್ರಯೋಜನವು ಬೆಲೆಯನ್ನು ಹಿಗ್ಗಿಸುವುದಕ್ಕಿಂತ, ಬಂದವರು ಬಾಗಿಲಿನಿಂದಲೇ ಹಿಂದಿರುಗದಂತೆ ಮಾಡುವುದರಲ್ಲಿ ಅಡಗಿದೆಯೆನ್ನುವುದು ಯುಕ್ತ.

ಸಜ್ಜೆಗೂ ಮರೆಮಾಚುವಿಕೆಗೂ ನಡುವಣ ಗೆರೆಯನ್ನು ಇಲ್ಲಿ ಒತ್ತಿ ಹೇಳಬೇಕು. ಸೀಳಿದ ಗೋಡೆಗೆ ಬಣ್ಣ ಬಳಿಯುವುದು, ನೀರು ಜಿನುಗುವ ಮೂಲೆಗೆ ಎತ್ತರದ ಬೀರುವನ್ನು ಒಡ್ಡುವುದು ಈ ಕಲೆಯ ಅಂಗವಲ್ಲ, ವಂಚನೆ. ಭಾರತದಲ್ಲಿ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣವು, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ಗೋಚರಿಸದ, ಮಾರುವವನಿಗೆ ತಿಳಿದಿರುವ ಮಹತ್ವದ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕೆಂದು ವಿಧಿಸಿದೆ.

ಬೆಂಗಳೂರಿನಂಥ ನಗರಗಳಲ್ಲಿ ಈ ಕಲೆಯು ಮುಖ್ಯವಾಗಿ ನಿರ್ಮಾಣ ಸಂಸ್ಥೆಗಳ ಮಾದರಿ ಫ್ಲಾಟುಗಳಲ್ಲಿ ಕಾಣಬರುತ್ತದೆ. ಇನ್ನೂ ತಳಪಾಯದ ಹಂತದಲ್ಲಿರುವ ಕಟ್ಟಡದ ಪಕ್ಕದಲ್ಲಿ ಸಂಪೂರ್ಣವಾಗಿ ಸಜ್ಜಾದ ಒಂದು ಮನೆಯನ್ನು ಕಟ್ಟಿ ತೋರಿಸುವ ಈ ಕ್ರಮದಲ್ಲಿ, ವಾಡಿಕೆಗಿಂತ ಕಿರಿದಾದ ಮಂಚವನ್ನಿಟ್ಟರೆ ಕೊಠಡಿಯು ಹಿರಿದಾಗಿ ಕಾಣುವುದೆಂಬುದನ್ನು ನೆನೆದು, ನೋಡಹೋಗುವವರು ಅಳತೆಯ ಟೇಪನ್ನು ಜೊತೆಯಲ್ಲಿ ಒಯ್ಯುವುದು ಲೇಸು. 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮದ 12ನೆಯ ಪ್ರಕರಣದ ಮೇರೆಗೆ, ಮಾದರಿ ಮನೆಯನ್ನು ನಂಬಿ ಮುಂಗಡ ಕೊಟ್ಟವನು ಅದರಲ್ಲಿನ ಅಸತ್ಯದಿಂದ ನಷ್ಟಕ್ಕೀಡಾದರೆ ಪರಿಹಾರಕ್ಕೆ ಅರ್ಹನು. ವ್ಯವಹಾರದಿಂದ ಹಿಂದೆಸರಿಯಲು ಆತನು ಇಚ್ಛಿಸಿದಲ್ಲಿ, ಕೊಟ್ಟ ಹಣವೆಲ್ಲವನ್ನೂ ಬಡ್ಡಿ ಮತ್ತು ಪರಿಹಾರಗಳೊಡನೆ ಹಿಂದಿರುಗಿಸುವ ಹೊಣೆ ನಿರ್ಮಾಪಕನದು.