ಪರದೇಶಿ ಆಟಗಾರರು

ಬಾಸ್ಕೆಟ್‌ಬಾಲ್ ಆಟವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡವರ ಕಥೆಯೆಂದರೆ ಅಮೆರಿಕದ ಎನ್‌ಬಿಎ ಎಂಬ ಒಂದು ಮಹಾಸಂಸ್ಥೆಯ ಕಥೆಯೇ ಎಂದು ಬಹುಮಂದಿ ಭಾವಿಸಿರುವುದುಂಟು. ಆದರೆ ಆ ಸಂಸ್ಥೆಯ 30 ತಂಡಗಳಲ್ಲಿ ಸ್ಥಾನ ದೊರೆಯುವುದು ಸುಮಾರು ನಾನೂರೈವತ್ತು ಮಂದಿಗೆ ಮಾತ್ರ. ಆ ದೇಶದ ವಿಶ್ವವಿದ್ಯಾಲಯಗಳಾದರೋ ಪ್ರತಿವರ್ಷವೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಸಂಖ್ಯೆಯ ನುರಿತ ಆಟಗಾರರನ್ನು ಹೊರಗೆ ಕಳುಹುತ್ತವೆ. ಹಾಗೆ ಹೊರಬಿದ್ದವರಲ್ಲಿ ಹಲವರು ಆಟವನ್ನು ಮರೆತು ಬೇರೆ ಉದ್ಯೋಗವನ್ನು ಹಿಡಿಯುತ್ತಾರೆ. ಮತ್ತೆ ಕೆಲವರು, ಮರೆಯಲಾರದವರು, ಇಟಲಿ, ಗ್ರೀಸ್, ತುರ್ಕಿ, ಇಸ್ರೇಲ್, ಫಿಲಿಪ್ಪೀನ್ಸ್, ಚೀನಾ ಮೊದಲಾದ ದೇಶಗಳ ತಂಡಗಳಿಗೆ ವರ್ಷಕ್ಕೊಂದು ಕರಾರಿನಂತೆ ಸಹಿ ಹಾಕಿ, ಅಂಗಡಿಯ ಹಲಗೆಯನ್ನು ಓದಲೂ ಬಾರದ ಊರಿನಲ್ಲಿ ಬಿಡಾರ ಹೂಡಿ, ಅಲ್ಲಿನವರ ಗೌರವವನ್ನು ಕೇವಲ ಕೈಕಾಲುಗಳ ಶ್ರಮದಿಂದ ಸಂಪಾದಿಸಬೇಕಾಗುತ್ತದೆ. ಅರುವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದಿರುವ ಈ ವೃತ್ತಿಗೆ ತನ್ನದೇ ಆದ ಚರಿತ್ರೆಯೊಂದಿದೆ.

ಆಟವೇನೋ ಮೊದಲಿನಿಂದಲೂ ದೇಶಾಂತರದ ಹಂಬಲವುಳ್ಳದ್ದೇ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕನು ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿ 13 ನಿಯಮಗಳನ್ನು ಬರೆದನು. ಎರಡೇ ವರ್ಷಗಳಲ್ಲಿ, 1893ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನ ತ್ರೆವೀಸ್ ಬೀದಿಯ ವ್ಯಾಯಾಮಶಾಲೆಯಲ್ಲಿ ಅದನ್ನು ಆಡಲಾಯಿತು. ಆದರೆ ಆಗ ಸಮುದ್ರ ದಾಟಿದವರು ಧರ್ಮಬೋಧಕರೂ ಶಿಕ್ಷಕರೂ ಆಗಿದ್ದರೇ ಹೊರತು ಸಂಬಳದ ಆಟಗಾರರಾಗಿರಲಿಲ್ಲ. ಸಂಬಳದವರು ಬಂದುದು ಎರಡನೆಯ ಮಹಾಯುದ್ಧವು ಮುಗಿದು, ಇಟಲಿಯ ಕಾರ್ಖಾನೆಗಳು ಮತ್ತೆ ಹೊಗೆಯಾಡತೊಡಗಿದ ಮೇಲೆ.

ಇಟಲಿಯ ಆ ಕಾಲದ ತಂಡಗಳ ಹೆಸರುಗಳನ್ನು ಓದಿದರೆ ನಗೆ ಬಾರದೆ ಇರದು. ಮಿಲಾನಿನ ಒಲಿಂಪಿಯಾ ಸಂಘವು ಸಿಮೆಂತಾಲ್ ಎಂಬ ಹೆಸರಿನಿಂದ ಆಡಿತು. ಅದು ಡಬ್ಬಿಯಲ್ಲಿ ತುಂಬಿದ ಮಾಂಸದ ಹೆಸರು. ವರೇಸೆಯ ತಂಡವು ಇಗ್ನಿಸ್ ಎನ್ನಿಸಿಕೊಂಡಿತು. ಅದು ಶೀತಕಪೆಟ್ಟಿಗೆಗಳನ್ನು ತಯಾರಿಸುವ ಕಾರ್ಖಾನೆ. ಮುಂದೆ ಅದೇ ವರೇಸೆ ಪೀಠೋಪಕರಣದ ವ್ಯಾಪಾರಿಯೊಬ್ಬನ ಕೃಪೆಯಿಂದ ಮೊಬಿಲ್‌ಜಿರ್ಜಿ ಆಯಿತು. ಕಾರ್ಖಾನೆಯ ಯಜಮಾನರು ತಮ್ಮ ಸರಕಿನ ಕೀರ್ತಿಗಾಗಿ ಎತ್ತರದ ಅಮೆರಿಕನ್ನರನ್ನು ಕರೆಸಿಕೊಂಡರು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾ ಅಂದು ಹವ್ಯಾಸಿ ಆಟದ ವ್ರತವನ್ನು ಪಾಲಿಸುತ್ತಿದ್ದುದರಿಂದ ಕೊಡುವ ಹಣಕ್ಕೆ ಬೇರೆ ಬೇರೆ ಹೆಸರುಗಳನ್ನು ಹುಡುಕಬೇಕಾಗುತ್ತಿತ್ತು. ಆ ವ್ರತವು ವಿಧಿಪೂರ್ವಕವಾಗಿ ಮುರಿದುದು 1989ರ ಏಪ್ರಿಲಿನಲ್ಲಿ, ಮ್ಯೂನಿಕ್ ನಗರದ ಮಹಾಸಭೆಯಲ್ಲಿ 13ರ ವಿರುದ್ಧ 56 ಮತಗಳಿಂದ. ವ್ಯವಹಾರದಲ್ಲಿ ಅದು ಎಂದೋ ಮುರಿದುಹೋಗಿದ್ದಿತು.

1965-66ರಲ್ಲಿ ಸಿಮೆಂತಾಲ್ ತಂಡದಲ್ಲಿ ಇಬ್ಬರು ಅಮೆರಿಕನ್ನರಿದ್ದರು. ಒಬ್ಬನು ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂದ ಸ್ಕಿಪ್ ಥೋರೆನ್. ಇನ್ನೊಬ್ಬನು ಪ್ರಿನ್ಸ್‌ಟನ್ನಿನ ಬಿಲ್ ಬ್ರಾಡ್ಲಿ, ಮುಂದೆ ನ್ಯೂಯಾರ್ಕಿನ ನಿಕ್ಸ್ ತಂಡದ ಆಟಗಾರನೂ ನ್ಯೂಜೆರ್ಸಿಯ ಸೆನೆಟರನೂ ಆದವನು. ಬ್ರಾಡ್ಲಿಯು ಆಗ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿನಲ್ಲಿ ರಾಜ್ಯಶಾಸ್ತ್ರ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದುತ್ತ, ಯೂರೋಪಿನ ಚಾಂಪಿಯನ್ ತಂಡಗಳ ಕಪ್ಪಿನ ಪಂದ್ಯಗಳಿಗೆ ಮಾತ್ರ ವಿಮಾನದಲ್ಲಿ ಬಂದು ಆಡಿ ಹೋಗುತ್ತಿದ್ದನು. 1966ರ ಏಪ್ರಿಲ್ 1ರಂದು ಬೊಲೋನ್ಯದಲ್ಲಿ ಪ್ರಾಗ್ ನಗರದ ಸ್ಲಾವಿಯಾ ತಂಡವನ್ನು 77-72ರಿಂದ ಸೋಲಿಸಿ ಆ ಕಪ್ಪನ್ನು ಇಟಲಿಗೆ ಮೊದಲ ಬಾರಿ ತಂದವರು ಇವರು. ಬ್ರಾಡ್ಲಿಯ ಬದುಕು ಈ ವೃತ್ತಿಯ ಮಾದರಿಯಲ್ಲ. ಆತನಿಗೆ ಮರಳಿ ಹೋಗಲು ಗ್ರಂಥಾಲಯವಿದ್ದಿತು, ಭವಿಷ್ಯವೂ ಇದ್ದಿತು. ಋತುವಿಡೀ ಅಲ್ಲಿಯೇ ಉಳಿದು ಭಾನುವಾರದ ಪಂದ್ಯಗಳನ್ನಾಡಿದ ಥೋರೆನ್ನನಂಥವನೇ ನಿಜವಾದ ಪರದೇಶಿ ಆಟಗಾರ.

ಅಂಥವನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸ್ವದೇಶದ ಆಟಗಾರರಿಗೆ ಎಡೆ ಉಳಿಯಲೆಂದು ಹಲವು ದೇಶಗಳು ವಿದೇಶೀಯರ ಸಂಖ್ಯೆಗೆ ಮಿತಿಯನ್ನು ಹಾಕಿದ್ದುವು: ತಂಡಕ್ಕೆ ಒಬ್ಬ, ಹೆಚ್ಚೆಂದರೆ ಇಬ್ಬರು. ದೇಶದೊಳಗಣ ಪಂದ್ಯಗಳಿಗೆ ಒಬ್ಬ ವಿದೇಶೀಯನನ್ನೂ ಯೂರೋಪಿನ ಕಪ್ಪಿಗೆಂದೇ ಮತ್ತೊಬ್ಬನನ್ನೂ ಸಾಕಿದ ತಂಡಗಳಿದ್ದುವು. ಒಂದೇ ಒಂದು ಸ್ಥಾನಕ್ಕೆ ಸಾವಿರಾರು ಮೈಲಿ ದೂರದಿಂದ ಕರೆಸಿಕೊಂಡವನ ಮೇಲೆ ತಂಡದ ಸಮಸ್ತ ಭಾರವೂ ಬೀಳುವುದು ಸಹಜವಷ್ಟೆ. ಗೆದ್ದರೆ ಅದು ಊರಿನ ಗೆಲುವು. ಸೋತರೆ ಪರದೇಶಿಯು ಅಂಕ ಗಳಿಸಲಿಲ್ಲವೆಂದು ಸೋಲು. ಮೂರು ಪಂದ್ಯ ಸಾಲಾಗಿ ಸೋತರೆ ವಿಮಾನದ ಚೀಟಿ. ತಂಡವನ್ನು ಹುರಿದುಂಬಿಸೋಣವೆಂದರೆ ಮಾತು ಬಾರದು. ನಮ್ಮೂರಿನ ನಾಯಕನು ಬೈದು, ಬೇಡಿ, ಹಾಸ್ಯ ಮಾಡಿ ಹತ್ತು ಜನರನ್ನು ನಡೆಸುತ್ತಾನೆ; ಈತನ ಪಾಲಿಗೆ ಆ ಉಪಾಯಗಳೊಂದೂ ಇಲ್ಲ. ಬೆಳಗಿನ ಅಭ್ಯಾಸಕ್ಕೆ ಎಲ್ಲರಿಗಿಂತ ಮುಂಚೆ ಬರುವುದು, ಕಡೆಯ ಓಟವನ್ನೂ ಮೊದಲನೆಯದರಷ್ಟೇ ವೇಗವಾಗಿ ಓಡುವುದು, ಜಾರಿಹೋದ ಚೆಂಡಿಗಾಗಿ ನೆಲಕ್ಕೆ ಬೀಳುವುದು, ಇವೇ ಆತನ ವ್ಯಾಕರಣ, ಇವೇ ಆತನ ಭಾಷಣ. ತಾನು ಮಾಡಿ ತೋರಿಸಿ ಇತರರನ್ನು ನಡೆಸುವುದನ್ನು ಶೀಲದ ಔನ್ನತ್ಯವೆಂದು ನಾವು ಹೊಗಳುತ್ತೇವೆ. ಈ ಜನರಲ್ಲಿ ಅದು ಮೊಟ್ಟಮೊದಲು ಅನಿವಾರ್ಯತೆಯಾಗಿತ್ತೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ತಾಲ್ ಬ್ರೋಡಿಯಷ್ಟು ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ. ನ್ಯೂಜೆರ್ಸಿಯ ಟ್ರೆಂಟನ್ನಿನಲ್ಲಿ 1943ರಲ್ಲಿ ಹುಟ್ಟಿದ ಈತನೂ ಇಲಿನಾಯ್ ವಿಶ್ವವಿದ್ಯಾಲಯದವನೇ, ಥೋರೆನ್ನನ ಜೊತೆಯ ಆಟಗಾರನೇ. 1965ರಲ್ಲಿ ಬಾಲ್ಟಿಮೋರಿನ ಬುಲೆಟ್ಸ್ ತಂಡವು ಈತನನ್ನು ಆಯ್ದುಕೊಂಡಿತು. ಅದೇ ಬೇಸಗೆಯಲ್ಲಿ ಯೆಹೂದ್ಯರ ಕ್ರೀಡೋತ್ಸವವಾದ ಮಕ್ಕಾಬಿಯಾದಲ್ಲಿ ಅಮೆರಿಕದ ಪರವಾಗಿ ಆಡಲು ಇಸ್ರೇಲಿಗೆ ಹೋದಾಗ, ಒಂದು ವರ್ಷ ಬಂದು ಇಲ್ಲಿನ ಆಟವನ್ನು ಮೇಲೆತ್ತಿಕೊಡಬಾರದೇ ಎಂದು ಅಲ್ಲಿನವರು ಕೇಳಿಕೊಂಡರು. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಮುಗಿಸಿಕೊಂಡು 1966ರಲ್ಲಿ ಬ್ರೋಡಿ ಹೋದನು. ಟೆಲ್ ಅವೀವಿನ ಮಕ್ಕಾಬಿ ತಂಡವು ಅಂದು ಯೂರೋಪಿನ ಲೆಕ್ಕದಲ್ಲಿ ನಗಣ್ಯವಾಗಿದ್ದಿತು; ಆತನ ಮೊದಲ ಋತುವಿನಲ್ಲೇ ಅದು ಯೂರೋಪಿನ ಎರಡನೆಯ ದರ್ಜೆಯ ಕಪ್ಪಿನ ಅಂತಿಮ ಘಟ್ಟವನ್ನು ತಲುಪಿ, ಆ ಶೀತಕಪೆಟ್ಟಿಗೆಯ ತಂಡವಾದ ವರೇಸೆಗೆ ಸೋತಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿದ್ದ ಕಠಿಣ ಅಭ್ಯಾಸಕ್ರಮವನ್ನು ಆತನು ಅಲ್ಲಿ ಉಪದೇಶಿಸಿದುದಕ್ಕಿಂತ ಆಚರಿಸಿದುದೇ ಹೆಚ್ಚು. ಓಡಿ ಆಡುವ ವೇಗದ ಆಟವನ್ನು ಜೊತೆಯವರು ಆತನನ್ನು ನೋಡಿ ಕಲಿತರು. ಮಧ್ಯೆ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿ, 1970ರಲ್ಲಿ ಮರಳಿ ಬಂದು, ಆ ದೇಶದ ಪ್ರಜೆಯಾಗಿ ಅಲ್ಲಿಯೇ ನೆಲೆ ನಿಂತನು.

1977ರ ಫೆಬ್ರವರಿ 17. ಯೂರೋಪಿನ ಚಾಂಪಿಯನ್ ತಂಡಗಳ ಕಪ್ಪಿನಲ್ಲಿ ಮಕ್ಕಾಬಿಗೆ ಮಾಸ್ಕೋದ ಸೈನ್ಯದ ತಂಡವಾದ ಸಿಎಸ್‌ಕೆಎ ಜೊತೆಗೆ ಪಂದ್ಯ. 1967ರ ಯುದ್ಧದ ಅನಂತರ ಸೋವಿಯತ್ ಒಕ್ಕೂಟವು ಇಸ್ರೇಲಿನೊಡನೆ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡಿದ್ದುದರಿಂದ ಅವರು ಇಲ್ಲಿಗೆ ಬರಲೊಲ್ಲರು, ಇವರನ್ನು ಅಲ್ಲಿಗೆ ಬಿಡಲೊಲ್ಲರು. ಕಡೆಗೆ ಬೆಲ್ಜಿಯಂ ದೇಶದ ವಿರ್ಟನ್ ಎಂಬ ಸಣ್ಣ ಪಟ್ಟಣದ ವ್ಯಾಯಾಮಶಾಲೆಯೊಂದರಲ್ಲಿ ಆಟವಾಯಿತು. ಮಕ್ಕಾಬಿ 91-79ರಿಂದ ಗೆದ್ದಿತು. ಜನರು ಅಂಗಣಕ್ಕೆ ನುಗ್ಗಿ ಆಟಗಾರರನ್ನು ಹೆಗಲ ಮೇಲೆ ಹೊತ್ತ ಗದ್ದಲದ ನಡುವೆ, ಮುಂದೆ ಹಿಡಿದ ಧ್ವನಿಗ್ರಾಹಕಕ್ಕೆ ತಂಡದ ನಾಯಕನಾದ ಬ್ರೋಡಿ, ತಾವು ಈಗ ಭೂಪಟದ ಮೇಲಿದ್ದೇವೆ, ಅಲ್ಲಿಯೇ ಇರುತ್ತೇವೆ ಎಂಬರ್ಥದ ಮಾತನ್ನು ಅಮೆರಿಕದ ಧಾಟಿ ಢಾಳಾಗಿ ಕಾಣುವ ಹೀಬ್ರೂ ಭಾಷೆಯಲ್ಲಿ ಆಡಿದನು. ಆ ದೇಶದಲ್ಲಿ ಅದು ಇಂದಿಗೂ ನಾಣ್ಣುಡಿಯಂತೆ ಸಲ್ಲುತ್ತಿದೆ. ವರ್ಷಗಟ್ಟಲೆ ಮೈಯಿಂದ ಮಾತಾಡಿದವನು ಬಾಯಿಂದ ಆಡಿದ ಒಂದು ಮಾತನ್ನು ಜನರು ಉಚ್ಚಾರದೋಷದ ಸಮೇತ ಕಂಠಸ್ಥ ಮಾಡಿಕೊಂಡರು.

ಏಪ್ರಿಲ್ 7ರಂದು ಬೆಲ್‌ಗ್ರೇಡಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎದುರಾಳಿ ಮತ್ತೆ ವರೇಸೆಯೇ, ಆಗ ಮೊಬಿಲ್‌ಜಿರ್ಜಿ. ಸತತವಾಗಿ ಹತ್ತು ವರ್ಷ ಅಂತಿಮ ಘಟ್ಟಕ್ಕೆ ಬಂದ ದೈತ್ಯ ತಂಡ ಅದು. ಮಕ್ಕಾಬಿ 78-77ರಿಂದ, ಒಂದೇ ಒಂದು ಅಂಕದಿಂದ, ಗೆದ್ದಿತು. ಅಂಕಗಳ ರಾಶಿ ಹಾಕಿದವನು ಬ್ರೋಡಿಯಲ್ಲ, ಜಿಮ್ ಬೋಟ್‌ರೈಟ್ ಎಂಬ ಮತ್ತೊಬ್ಬ ಅಮೆರಿಕನ್. ಹಾಗಿದ್ದರೂ ಆ ತಂಡವನ್ನು ಬ್ರೋಡಿಯ ತಂಡವೆಂದೇ ಕರೆಯುತ್ತಾರೆ. ಅದೇ ರಾತ್ರಿ ಪ್ರಧಾನಿ ರಾಬಿನ್ ತಮ್ಮ ಪದತ್ಯಾಗದ ನಿರ್ಧಾರವನ್ನು ಸಾರಿದರು. ರಾಜ್ಯದ ಅಂಥ ವಾರ್ತೆಯೂ ಆಟದ ಉತ್ಸವದೊಡನೆ ಸ್ಪರ್ಧಿಸಬೇಕಾಗಿ ಬಂದಿತು. 1979ರಲ್ಲಿ ಇಸ್ರೇಲ್ ಪ್ರಶಸ್ತಿಯನ್ನು ಪಡೆದ ಮೊದಲ ಕ್ರೀಡಾಪಟು ಬ್ರೋಡಿಯೇ.

ಎಲ್ಲರಿಗೂ ಇಂಥ ಭಾಗ್ಯವೆಲ್ಲಿಯದು? ಬಹುಮಂದಿಗೆ ಪರದೇಶವಾಸವೆಂದರೆ ಸಂಘದವರು ಕೊಟ್ಟ ಮನೆ, ಸಂಘದವರು ಕೊಟ್ಟ ಕಾರು, ತಿಂಗಳ ಕೊನೆಯಲ್ಲಿ ಬಂದರೂ ಬರಬಹುದಾದ ಸಂಬಳ. ಬಾಕಿ ಸಂಬಳದ ವ್ಯಾಜ್ಯಗಳು ಎಷ್ಟು ಬೆಳೆದುವೆಂದರೆ ಅವುಗಳನ್ನು ಬಗೆಹರಿಸಲು 2007ರಲ್ಲಿ ಫಿಬಾ ಆಶ್ರಯದಲ್ಲಿ ಪ್ರತ್ಯೇಕ ನ್ಯಾಯಮಂಡಲಿಯನ್ನೇ ಸ್ಥಾಪಿಸಬೇಕಾಯಿತು. ಮಕ್ಕಳು ಮಾತ್ರ ಅಪ್ಪಂದಿರಿಗಿಂತ ಬೇಗ ಊರಿನವರಾಗುತ್ತಿದ್ದರು. 1984ರಲ್ಲಿ ಜೋ ಬ್ರಯಂಟ್ ಇಟಲಿಯ ರಿಯೇತಿ ಎಂಬ ಚಿಕ್ಕ ಊರಿನ ತಂಡವನ್ನು ಸೇರಿದಾಗ ಆತನ ಮಗನಿಗೆ ಆರು ವರ್ಷ. ತಂದೆಯು ಊರಿಂದೂರಿಗೆ ತಂಡ ಬದಲಾಯಿಸುತ್ತಿದ್ದಂತೆ ಮಗನು ಇಟಾಲಿಯನ್ ಭಾಷೆಯನ್ನು ತಾಯ್ನುಡಿಯಂತೆ ಕಲಿತನು. ಆ ಮಗನೇ ಕೋಬಿ ಬ್ರಯಂಟ್.

ಆ ಬಾಲಕನು ಬೆಳೆಯುತ್ತಿದ್ದಾಗ ಮಿಲಾನಿನಲ್ಲಿ ಮೈಕ್ ಡ್ಯಾಂಟೋನಿ ಮತ್ತು ಬಾಬ್ ಮ್ಯಾಕಡೂ ಆಡುತ್ತಿದ್ದರು. ಡ್ಯಾಂಟೋನಿ 1977ರಲ್ಲಿ ಬಂದವನು. ಎದುರಾಳಿಯ ಕೈಯಿಂದ ಚೆಂಡನ್ನು ಕಸಿಯುವ ಚಾತುರ್ಯಕ್ಕಾಗಿ ಜನರು ಆತನಿಗೆ ಆರ್ಸೇನ್ ಲೂಪಿನ್ ಎಂಬ ಕಳ್ಳನಾಯಕನ ಹೆಸರಿಟ್ಟಿದ್ದರು. ಮ್ಯಾಕಡೂ ಸಾಮಾನ್ಯನಲ್ಲ: 1975ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ, ಲಾಸ್ ಏಂಜಲೀಸಿನ ಲೇಕರ್ಸ್ ತಂಡದಲ್ಲಿ ಎರಡು ಚಾಂಪಿಯನ್ ಪದವಿ. ಇಂಥವರು ಮುಪ್ಪಿನಲ್ಲಿ ಯೂರೋಪಿಗೆ ಬರುವುದು ವಿಶ್ರಾಂತಿವೇತನಕ್ಕೆಂಬ ಮಾತು ಆಗ ರೂಢಿಯಲ್ಲಿದ್ದಿತು, ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. 1986ರ ಶರತ್ಕಾಲದಲ್ಲಿ ಗ್ರೀಸಿನ ಥೆಸಲೊನೀಕಿಯಲ್ಲಿ ಆರಿಸ್ ತಂಡವು ಮಿಲಾನನ್ನು 98-67ರಿಂದ ಬಡಿದುಹಾಕಿತು. ಆರಿಸ್ ಪರವಾಗಿ ಆ ದಿನ ಮೆರೆದ ನಿಕೋಸ್ ಗಾಲಿಸ್ ಕೂಡ ನ್ಯೂಜೆರ್ಸಿಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಎಡೆ ಸಿಗದೆ ಪಿತೃಭೂಮಿಗೆ ಮರಳಿದವನೆಂಬುದು ಇಲ್ಲಿ ಸ್ಮರಣೀಯ. ಒಂದು ವಾರದ ಮೇಲೆ ಮಿಲಾನಿನಲ್ಲಿ ಮರುಪಂದ್ಯ. ಎರಡೂ ಪಂದ್ಯಗಳ ಅಂಕಗಳನ್ನು ಕೂಡಿಸಿ ತೀರ್ಮಾನವಾದುದರಿಂದ 31 ಅಂಕಗಳ ಅಂತರವನ್ನು ಮೀರಿ ಗೆಲ್ಲಬೇಕು. ಡ್ಯಾಂಟೋನಿಗೂ ಮ್ಯಾಕಡೂಗೂ 35 ವರ್ಷ, ಇಟಲಿಯವನೇ ಆದ ಡೀನೊ ಮೆನೆಗಿನ್ನನಿಗೆ 36. ಈ ಮುದುಕರ ತಂಡವು 83-49ರಿಂದ, ಎಂದರೆ 34 ಅಂಕಗಳಿಂದ, ಗೆದ್ದು, ಆ ಋತುವಿನಲ್ಲೂ ಮರುಋತುವಿನಲ್ಲೂ ಯೂರೋಪಿನ ಕಪ್ಪನ್ನು ಪಡೆಯಿತು.

1989ರಲ್ಲಿ ಇಟಲಿಯ ಚಾಂಪಿಯನ್ ಪದವಿಗಾಗಿ ಲಿವೋರ್ನೊ ಎದುರು ನಡೆದ ಅಂತಿಮ ಸರಣಿಯಲ್ಲಿ, ಕೈತಪ್ಪಿ ಉರುಳುತ್ತಿದ್ದ ಚೆಂಡೊಂದಕ್ಕಾಗಿ 37 ವರ್ಷದ ಮ್ಯಾಕಡೂ ಎರಡೂ ಕೈ ಚಾಚಿ ಮರದ ನೆಲದ ಮೇಲೆ ಮೈ ಚೆಲ್ಲಿ ಬಿದ್ದುದನ್ನು ಮಿಲಾನಿನವರು ಇಂದಿಗೂ ಹೇಳುತ್ತಾರೆ. ಆತನ ಸಾವಿರಾರು ಅಂಕಗಳಲ್ಲಿ ಯಾವುದನ್ನೂ ಅವರು ಅಷ್ಟು ಪ್ರೀತಿಯಿಂದ ನೆನೆಯರು. ಆ ಸರಣಿಯ ಕಡೆಯ ಪಂದ್ಯವನ್ನು ಮಿಲಾನ್ ಒಂದಂಕದಿಂದ ಗೆದ್ದಿತು. ಲಿವೋರ್ನೊ ಕೊನೆಯ ಗಳಿಗೆಯಲ್ಲಿ ಹಾಕಿದ ಚೆಂಡನ್ನು ತಡವಾಯಿತೆಂದು ತಳ್ಳಿಹಾಕಿದರು. ಅಷ್ಟರಲ್ಲಿ ಲಿವೋರ್ನೊದವರು ಗೆದ್ದೆವೆಂದು ಕುಣಿಯತೊಡಗಿದ್ದರು.

ಮಾತಿನಿಂದಲೇ ಬಾಳಿದ ಪರದೇಶಿಯೂ ಆ ಮಿಲಾನಿನಲ್ಲಿದ್ದನೆಂಬುದನ್ನು ಮರೆಮಾಚಬಾರದು. ತರಬೇತುದಾರನಾದ ಡ್ಯಾನ್ ಪೀಟರ್ಸನ್ ತನ್ನ ಸೊಟ್ಟ ಇಟಾಲಿಯನ್ನಿನಿಂದಲೇ ದೂರದರ್ಶನದ ವ್ಯಾಖ್ಯಾನಕಾರನಾಗಿ, ಚಹದ ಜಾಹೀರಾತಿನ ಮುಖವಾಗಿ, ದೇಶಕ್ಕೆಲ್ಲ ಪರಿಚಿತನಾದನು. ಆದರೆ ಅದು ತರಬೇತುದಾರನ ವೃತ್ತಿ. ಅಂಗಣದೊಳಗೆ ಇಳಿಯದವನಿಗೆ ನಾಲಗೆಯೇ ಆಯುಧ.

ಸ್ತ್ರೀಯರ ಪಾಡು ಇನ್ನೂ ಕಠಿಣವಾದುದು. ಅಮೆರಿಕದಲ್ಲಿ ಬೇಸಗೆಯ ಕೆಲವು ತಿಂಗಳು ಆಡಿ ಬರುವ ಸಂಬಳದ ಹಲವು ಪಾಲು ಹಣವು ರಷ್ಯದ ಚಳಿಗಾಲದಲ್ಲಿ ದೊರೆಯುತ್ತಿದ್ದುದರಿಂದ ಅವರ ದೇಹಕ್ಕೆ ವಿಶ್ರಾಂತಿಯೇ ಇರಲಿಲ್ಲ. 2015ರಲ್ಲಿ ಡಯಾನಾ ಟೌರಾಸಿಗೆ ಎಕಟೆರಿನ್‌ಬರ್ಗಿನ ತಂಡವು, ಬೇಸಗೆಯಲ್ಲಿ ಸ್ವದೇಶದಲ್ಲಿ ಆಡದೆ ಸುಮ್ಮನಿರುವುದಕ್ಕೇ ಹಣ ಕೊಟ್ಟಿತು. ಅದೇ ತಂಡಕ್ಕೆ ಮರಳುತ್ತಿದ್ದ ಬ್ರಿಟ್ನಿ ಗ್ರೈನರ್ 2022ರ ಫೆಬ್ರವರಿಯಲ್ಲಿ ಮಾಸ್ಕೋದ ವಿಮಾನನಿಲ್ದಾಣದಲ್ಲಿ ಬಂಧಿತಳಾಗಿ, ಒಂಬತ್ತು ವರ್ಷಗಳ ಶಿಕ್ಷೆಗೆ ಗುರಿಯಾಗಿ, ಕೈದಿಗಳ ವಿನಿಮಯದಲ್ಲಿ ಡಿಸೆಂಬರಿನಲ್ಲಿ ಬಿಡುಗಡೆ ಹೊಂದಿದಳು.

ಇತ್ತೀಚಿನ ಕಥೆಗಳಲ್ಲಿ ಸ್ಟೆಫಾನ್ ಮಾರ್ಬರಿಯದು ವಿಚಿತ್ರ. ಸ್ವದೇಶದಲ್ಲಿ ಆತನು ತರಬೇತುದಾರರೊಡನೆ ಕಲಹವಾಡುವವನೆಂದೂ ಜೊತೆಯವರಿಗೆ ಒಗ್ಗದವನೆಂದೂ ಹೆಸರಾಗಿದ್ದನು. 2010ರಲ್ಲಿ ಚೀನಾದ ಶಾನ್ಸಿ ಪ್ರಾಂತದ ತಂಡಕ್ಕೆ ಬಂದು, ಮತ್ತೊಂದು ಊರಿನಲ್ಲಿ ಒಂದು ಋತುವನ್ನು ಕಳೆದು, 2011ರಲ್ಲಿ ಬೀಜಿಂಗಿನ ತಂಡವನ್ನು ಸೇರಿದನು. ಅದುವರೆಗೆ ಒಮ್ಮೆಯೂ ಚಾಂಪಿಯನ್ ಆಗದಿದ್ದ ಆ ತಂಡವು 2012, 2014, 2015ರಲ್ಲಿ ಮೂರು ಸಲ ಆ ಪದವಿಯನ್ನು ಪಡೆಯಿತು. ಚಾಲಕ ಸಹಿತವಾದ ಕಾರನ್ನು ಬಯಸದೆ ಪಾತಾಳರೈಲಿನಲ್ಲಿ ಊರಿನವರ ನಡುವೆ ನಿಂತು ಪಯಣಿಸುತ್ತಿದ್ದ ಈ ಮನುಷ್ಯನಿಗೆ ನಗರವು ಪ್ರತಿಮೆಯನ್ನು ನಿಲ್ಲಿಸಿತು, ಸರ್ಕಾರವು ಖಾಯಂ ವಾಸದ ಹಕ್ಕನ್ನು ನೀಡಿತು. ನ್ಯೂಯಾರ್ಕಿನಲ್ಲಿ ಆಡಿದ ಮಾತುಗಳೇ ಆತನಿಗೆ ವೈರಿಗಳಾಗಿದ್ದುವು. ಬೀಜಿಂಗಿನಲ್ಲಿ ಆ ಮಾತುಗಳನ್ನು ಅರಿಯುವವರೇ ವಿರಳವಾಗಿದ್ದುದು ಆತನ ಪಾಲಿಗೆ ಒಂದು ಉಪಕಾರವಾಯಿತೋ ಏನೋ. 2018ರಲ್ಲಿ ಆಟದಿಂದ ನಿವೃತ್ತನಾಗಿ, 2019ರಲ್ಲಿ ಅದೇ ನಗರದ ಮತ್ತೊಂದು ತಂಡದ ತರಬೇತುದಾರನಾದಾಗ ಮಾತ್ರ, ಆಟಗಾರರಿಗೆ ಹೇಳಬೇಕಾದುದನ್ನೆಲ್ಲ ಆತನು ದುಭಾಷಿಯ ಮೂಲಕ ಹೇಳಬೇಕಾಯಿತು.