ಆಗುಂಬೆಯ ಎಬನೇಜರ್ ಮೇಷ್ಟ್ರು ಮತ್ತು ಬ್ರೈಡ್ಸ್‌ಹೆಡ್ ಮನೆತನ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ತಿಂಗಳ ಹಿಂದೆ ಒಂದು ಪ್ರಶ್ನೆ ಕೇಳಿ ಬರೆದಿದ್ದಳು. ನರಸಿಂಹರಾಜಪುರದ ಕಡೆಯ ಕ್ಯಾಥೊಲಿಕ್ ಮನೆತನದವಳು. ಅಲ್ಲಿನ ಟೀವಿಯಲ್ಲಿ ಬರುವ ಹಳೆಯ ಕಾಲದ ಕಥೆಗಳಲ್ಲಿ ತನ್ನ ಮತದವರನ್ನು ಹೊರಗಿನವರಂತೆ, ಪಾಪಭೀತಿಯಿಂದ ನರಳುವವರಂತೆ ತೋರಿಸುತ್ತಾರಲ್ಲ, ಏಕೆ ಸಾರ್ ಎಂಬುದು ಅವಳ ಪ್ರಶ್ನೆ. ಆಕೆಗೆ ಬರೆದ ಉತ್ತರವನ್ನು ಕೊಂಚ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ. ನಿಮ್ಮಲ್ಲಿ ಕೆಲವರಿಗಾದರೂ ಇದು ರುಚಿಸೀತು.

ಕ್ರೈಸ್ತ ಮತವೆಂದರೆ ಆಂಗ್ಲರ ಮತ ಎಂಬ ಭಾವನೆ ನಮ್ಮ ಕಡೆ ಬಹಳ ಜನರಲ್ಲಿದೆ. ಕೊಪ್ಪ, ನರಸಿಂಹರಾಜಪುರಗಳ ಕ್ರೈಸ್ತರ ಮಟ್ಟಿಗೆ ಇದು ಸತ್ಯಕ್ಕೆ ದೂರ. ಘಟ್ಟ ಹತ್ತಿ ಕಾಫಿ, ಅಡಿಕೆಯ ಸೀಮೆಗೆ ಬಂದ ಕೊಂಕಣಿ ಕ್ಯಾಥೊಲಿಕರ ಮೂಲ ಗೋವೆಯ ಪೋರ್ಚುಗೀಸರ ಕಾಲಕ್ಕೆ ಹೋಗುತ್ತದೆ. ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರಂತೂ ತಮ್ಮ ಪರಂಪರೆಯನ್ನು ಸಂತ ತೋಮಾಸನಿಂದಲೇ ಎಣಿಸುತ್ತಾರೆ. ಇನ್ನು ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರು ಆಳುವವರ ಮತದವರೇ ಆಗಿರಲಿಲ್ಲ. 1534ರಲ್ಲಿ ಎಂಟನೆಯ ಹೆನ್ರಿ ರೋಮಿನ ಸಂಬಂಧವನ್ನು ಕಡಿದುಕೊಂಡ. ಅವನ ಮಗಳು ಮೊದಲನೆಯ ಎಲಿಜಬೆತ್‌ಳ ಕಾಲದಲ್ಲಿ ಕ್ಯಾಥೊಲಿಕ್ ಪೂಜೆಯೇ ಅಪರಾಧವಾಯಿತು. ಶ್ರೀಮಂತರ ಮನೆಗಳಲ್ಲಿ ಪಾದ್ರಿಗಳನ್ನು ಬಚ್ಚಿಡಲು ಗೋಡೆಯೊಳಗೆ ಗೂಡುಗಳಿದ್ದವು. ಕ್ಯಾಥೊಲಿಕರು ಪಾರ್ಲಿಮೆಂಟಿನಲ್ಲಿ ಕೂರುವಂತಾದದ್ದು 1829ರಲ್ಲಿ. ಅಲ್ಲಿನ ಸಿಂಹಾಸನವನ್ನು ಕ್ಯಾಥೊಲಿಕರು ಏರುವಂತಿಲ್ಲವೆಂಬ ಕಾನೂನು ಇಂದಿಗೂ ಉಂಟು.

ಈ ಹಿನ್ನೆಲೆ ತಿಳಿಯದೆ ‘ಬ್ರೈಡ್ಸ್‌ಹೆಡ್ ರೀವಿಸಿಟೆಡ್’ ಅರ್ಥವಾಗದು. ಎವೆಲಿನ್ ವಾ 1945ರಲ್ಲಿ ಪ್ರಕಟಿಸಿದ ಕಾದಂಬರಿ; 1981ರಲ್ಲಿ ಗ್ರನಾಡಾ ಟೆಲಿವಿಷನ್ ಅದನ್ನು ಹನ್ನೊಂದು ಕಂತುಗಳಲ್ಲಿ ತೆರೆಗೆ ತಂದಿತು. ವಾ 1930ರಲ್ಲಿ ಕ್ಯಾಥೊಲಿಕ್ ಮತವನ್ನು ಸೇರಿದ್ದವನು. ಕಥೆಯಲ್ಲಿ ಬರುವುದು ದೊಡ್ಡ ಅರಮನೆಯಂಥ ಮನೆಯ ಒಂದು ಕ್ಯಾಥೊಲಿಕ್ ಕುಟುಂಬ. ಮಗ ಕುಡಿತಕ್ಕೆ ಬಿದ್ದಿದ್ದಾನೆ. ತಂದೆ ಹೆಂಡತಿಯನ್ನೂ ಮತವನ್ನೂ ತೊರೆದು ಇಟಲಿಯಲ್ಲಿ ಬೇರೊಬ್ಬಳೊಂದಿಗೆ ಸಂಸಾರ ಹೂಡಿದ್ದಾನೆ. ಮಗಳು ಜೂಲಿಯಾ ವಿಚ್ಛೇದನ ಪಡೆದು, ಅಜ್ಞೇಯತಾವಾದಿ ಚಾರ್ಲ್ಸ್‌ನನ್ನು ಮದುವೆಯಾಗಲು ಸಿದ್ಧಳಾಗಿದ್ದಾಳೆ. ಧರ್ಮನಿಷ್ಠರ ಕಥೆಯೆಂದು ಯಾರೂ ಹೇಳಲಾರರು! ಕೊನೆಗೆ ಸಾಯಲೆಂದು ಮನೆಗೆ ಮರಳುವ ಆ ತಂದೆ ಮೊದಲು ಪಾದ್ರಿಯನ್ನು ಹಿಂದಕ್ಕೆ ಕಳಿಸುತ್ತಾನೆ. ಪ್ರಾಣ ಹೋಗುವ ಹೊತ್ತಿಗೆ ಮಾತಿಲ್ಲದೆ ಕೈಯೆತ್ತಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ. ಲಾರೆನ್ಸ್ ಒಲಿವಿಯೆ ಆ ಪಾತ್ರವನ್ನು ವಹಿಸಿದ್ದರು. ಅದನ್ನು ಕಂಡ ಜೂಲಿಯಾ ತನ್ನ ಪ್ರೀತಿಯನ್ನೇ ಬಿಟ್ಟುಕೊಡುತ್ತಾಳೆ. ಯಾರೂ ಅವಳನ್ನು ಬಲವಂತ ಮಾಡಿದ್ದಲ್ಲ. ಈ ನಿರ್ಧಾರ ಕ್ರೂರವೆಂದು ಅನೇಕರಿಗೆ ತೋರುತ್ತದೆ; ನನಗೂ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಆದರೆ ಅದು ಅವಳ ಸ್ವಂತ ಅಂತಃಕರಣದ ನಿರ್ಧಾರ ಎಂಬುದರಲ್ಲಿ ಸಂದೇಹವಿಲ್ಲ.

‘ಡೌನ್‌ಟನ್ ಆ್ಯಬಿ’ಯನ್ನು (2010–15) ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಮನೆಯ ಕಾರು ಓಡಿಸುತ್ತಿದ್ದ ಐರಿಷ್ ಅಳಿಯ ಬ್ರಾನ್ಸನ್, ತಾಯಿಯಿಲ್ಲದ ಮಗಳಿಗೆ ಕ್ಯಾಥೊಲಿಕ್ ದೀಕ್ಷಾಸ್ನಾನವಾಗಬೇಕು ಎಂದಾಗ ಮಾವ ಕೆಂಡವಾಗುತ್ತಾನಲ್ಲವೆ? ಅವನ ಆ ಸಿಟ್ಟಿನ ಹಿಂದೆ ಮೇಲೆ ಹೇಳಿದ ಮುನ್ನೂರು ವರ್ಷಗಳಿವೆ.

ಈಗ ನಮ್ಮ ಸೀಮೆಗೆ ಬರೋಣ. ಆಂಗ್ಲರ ಕಾಲವನ್ನು ಕುರಿತ ಟೀವಿ ಧಾರಾವಾಹಿಯೆಂದರೆ ನಮಗೆ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’. ಶೃಂಗೇರಿಗೆ ಸಮೀಪದ ಆಗುಂಬೆಯೇ ಅದರಲ್ಲಿ ಮಾಲ್ಗುಡಿ. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ ಕಾರ್ನಾಡರು ಅವನ ತಂದೆ. ಹುಡುಗಾಟವನ್ನು ಕಂಡು ನಕ್ಕವರಿಗೆ ಅದರ ಮೂಲದಲ್ಲಿರುವ ಒಂದು ಗಂಭೀರ ಪ್ರಸಂಗ ಮರೆತಿರಬಹುದು. 1935ರಲ್ಲಿ ಪ್ರಕಟವಾದ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಆಲ್ಬರ್ಟ್ ಮಿಷನ್ ಶಾಲೆಯ ಎಬನೇಜರ್ ಮೇಷ್ಟ್ರು ಬೈಬಲ್ ಪಾಠದ ನಡುವೆ ಶ್ರೀಕೃಷ್ಣನನ್ನು ಹಳಿಯುತ್ತಾರೆ. ಸ್ವಾಮಿ ಎದ್ದು ಪ್ರಶ್ನೆ ಕೇಳಿ ಕಿವಿ ಹಿಂಡಿಸಿಕೊಳ್ಳುತ್ತಾನೆ. ತಂದೆ ಹೆಡ್‌ಮಾಸ್ಟರರಿಗೆ ಪತ್ರ ಬರೆಯುತ್ತಾರೆ. ಮುಂದೆ ಸ್ವಾತಂತ್ರ್ಯ ಚಳವಳಿಯ ಗದ್ದಲದಲ್ಲಿ ಸ್ವಾಮಿ ಅದೇ ಹೆಡ್‌ಮಾಸ್ಟರರ ಕೈಯ ಬೆತ್ತವನ್ನು ಕಸಿದು ಮುರಿದು ಶಾಲೆಯನ್ನೇ ಬಿಡುತ್ತಾನೆ.

ಆಲ್ಬರ್ಟ್ ಮಿಷನ್ ಯಾವ ಪಂಥದ ಶಾಲೆಯೋ ಕಥೆ ಹೇಳುವುದಿಲ್ಲ. ನಾರಾಯಣರು ಮದರಾಸಿನಲ್ಲಿ ಓದಿದ್ದು ಲೂಥರನ್ ಮಿಷನ್ ಶಾಲೆಯಲ್ಲಿ, ಅಂದರೆ ಪ್ರಾಟೆಸ್ಟಂಟರಲ್ಲಿ. ಎಬನೇಜರರ ಭಕ್ತಿ ಸುಳ್ಳಲ್ಲ. ಯೇಸುವಿನ ಕಥೆ ಹೇಳುವಾಗ ಅವರ ಕಣ್ಣಲ್ಲಿ ನೀರು ಇಳಿಯುತ್ತದೆ. ಆ ಭಕ್ತಿಯ ಕೈಗೆ ಬೆತ್ತ ಸಿಕ್ಕಿರುವುದೇ ತೊಂದರೆ. ಬ್ರೈಡ್ಸ್‌ಹೆಡ್ ಮನೆಯಲ್ಲಿ ಅದೇ ಕ್ರಿಸ್ತನ ಭಕ್ತಿಗೆ ಬೆತ್ತವೂ ಇಲ್ಲ, ಸರ್ಕಾರದ ಬೆಂಬಲವೂ ಇಲ್ಲ. ಅಲ್ಲಿ ಅದು ತನ್ನನ್ನು ತಾನು ಮಾತ್ರ ದಂಡಿಸಿಕೊಳ್ಳಬಲ್ಲದು.

ಇನ್ನೊಂದು ಸ್ವಾರಸ್ಯವನ್ನು ಹೇಳದೆ ಇರಲಾರೆ. ಪ್ರಕಾಶಕರು ಸಿಗದೆ ಸೋತಿದ್ದ ನಾರಾಯಣರು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ, ಆ ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದಿದ್ದರಂತೆ. ಗೆಳೆಯ ಅದನ್ನು ಕೊಂಡೊಯ್ದು ಕೊಟ್ಟದ್ದು ಗ್ರಹಾಂ ಗ್ರೀನ್‌ಗೆ. 1926ರಲ್ಲಿ ಕ್ಯಾಥೊಲಿಕನಾಗಿದ್ದ ಗ್ರೀನ್, ಬೈಬಲ್ ಮೇಷ್ಟ್ರನ್ನು ಅಷ್ಟು ಹಾಸ್ಯ ಮಾಡಿದ ಪುಸ್ತಕವನ್ನು ತಾನೇ ಮುಂದೆ ನಿಂತು ಅಚ್ಚು ಹಾಕಿಸಿದ. ನಿಜವಾದ ಶ್ರದ್ಧೆಯುಳ್ಳವನಿಗೆ ಎಬನೇಜರನ ರಕ್ಷಣೆ ಬೇಕಿರಲಿಲ್ಲವೆಂದೇ ನನ್ನ ಎಣಿಕೆ.

ನನ್ನ ತರಗತಿಗಳಲ್ಲಿ ಶೃಂಗೇರಿ ಮಠದ ಶಿಷ್ಯ ಮನೆತನಗಳ ಮಕ್ಕಳು, ಸಿಂಹನಗದ್ದೆ ಬಸದಿಗೆ ನಡೆದುಕೊಳ್ಳುವ ಜೈನರ ಮಕ್ಕಳು, ಮುಸ್ಲಿಮರ ಮಕ್ಕಳು, ಕ್ಯಾಥೊಲಿಕರ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಿದ್ದರು. ಮತಸುಧಾರಣೆಯ ಪಾಠದಲ್ಲಿ ಪಾಪವಿಮೋಚನಾ ಪತ್ರಗಳ ಮಾರಾಟ, 1517ರ ಲೂಥರನ ಪ್ರತಿಭಟನೆ, ಪೋಪರ ವೈಭೋಗ ಎಲ್ಲವೂ ಬರುತ್ತಿತ್ತು. ಆಗ ಉಳಿದ ಮಕ್ಕಳು ಮೆಲ್ಲಗೆ ತಿರುಗಿ ಶಿಲುಬೆಯ ಸರ ಹಾಕಿದವರನ್ನು ನೋಡುವುದುಂಟು. ನಡೆದದ್ದನ್ನು ಬಿಡುವಂತಿಲ್ಲ, ಚರಿತ್ರೆ ಚರಿತ್ರೆಯೇ. ಆದುದರಿಂದ ಅದೇ ಪೀರಿಯಡ್ಡಿನಲ್ಲಿ, ಗಂಟೆ ಹೊಡೆಯುವ ಮುನ್ನ, 1545ರಿಂದ 1563ರವರೆಗೆ ಟ್ರೆಂಟಿನಲ್ಲಿ ಸಭೆ ಸೇರಿ ಆ ಚರ್ಚೇ ತನ್ನನ್ನು ತಿದ್ದಿಕೊಳ್ಳಲು ಹೊರಟದ್ದನ್ನೂ, ಹೆನ್ರಿಯನ್ನು ಚರ್ಚಿನ ಮುಖ್ಯಸ್ಥನೆಂದು ಒಪ್ಪದೆ ಥಾಮಸ್ ಮೋರ್ 1535ರಲ್ಲಿ ತಲೆ ಕೊಟ್ಟದ್ದನ್ನೂ ಹೇಳಿ ಮುಗಿಸುತ್ತಿದ್ದೆ. ಅರ್ಧ ಪಾಠವನ್ನು ಮರುದಿನಕ್ಕೆ ಉಳಿಸಿದ್ದರೆ ಆ ಮಕ್ಕಳು ಒಂದು ರಾತ್ರಿ ಆ ನೋಟವನ್ನು ಹೊತ್ತು ಮನೆಗೆ ಹೋಗಬೇಕಾಗುತ್ತಿತ್ತು.